ಗರಿಕೆಯ ವಿಳಾಸ

ಗೌರಿ ಗಣೇಶನ ಹಬ್ಬದ ಹಿಂದಿನ ದಿನ ನಮ್ಮ ಕಡೆಯ ಯಾವ ಪೇಟೆಗೆ ಹೋದರೂ ಬಾಳೆಕಂದು, ಮಾವಿನ ಸೊಪ್ಪಿನ ಪಕ್ಕದಲ್ಲಿ ಗರಿಕೆಯ ಕಟ್ಟುಗಳನ್ನು ಗುಡ್ಡೆ ಹಾಕಿಕೊಂಡು ಕುಳಿತವರು ಸಿಗುತ್ತಾರೆ. ಹೂವಿಗೆ ಚೌಕಾಸಿ ಮಾಡುವ ನಾವು ಗರಿಕೆಗೆ ಮಾಡುವುದಿಲ್ಲ. ಕೇಳಿದಷ್ಟು ಕೊಟ್ಟು ಚೀಲಕ್ಕೆ ಹಾಕಿಕೊಳ್ಳುತ್ತೇವೆ. ಮನೆಗೆ ಬಂದು ಇಪ್ಪತ್ತೊಂದು ಕುಡಿ ಎಣಿಸಿ ತಟ್ಟೆಯಲ್ಲಿಟ್ಟರೆ ಆ ವರ್ಷದ ಮಟ್ಟಿಗೆ ನಮಗೂ ಗರಿಕೆಗೂ ಇರುವ ವ್ಯವಹಾರ ಮುಗಿಯಿತು. ಆ ಕುಡಿ ಯಾವ ನೆಲದಿಂದ ಬಂತು, ಅದರ ಊರು ಯಾವುದು ಎಂದು ಯಾರೂ ಕೇಳುವುದಿಲ್ಲ.

ಸಮಾಜ ವಿಜ್ಞಾನ ಪಾಠ ಹೇಳುವ ನನಗೆ ಈ ಪ್ರಶ್ನೆ ಕೆಲವು ವರ್ಷಗಳಿಂದ ಬೆನ್ನು ಹತ್ತಿದೆ. ರಾಜರಿಗೆ ಚರಿತ್ರೆ ಇದೆ, ಕೋಟೆಗಳಿಗೆ ಇದೆ. ಹುಲ್ಲಿಗೆ ಎಂಥ ಚರಿತ್ರೆ ಎಂದು ಮೊದಲಿಗೆ ನಗು ಬರಬಹುದು. ಆದರೆ ನಮ್ಮ ಮೈಸೂರು ಸೀಮೆಯ ಮುನ್ನೂರು ನಾನ್ನೂರು ವರ್ಷಗಳ ಚರಿತ್ರೆಯಲ್ಲಿ ಹುಲ್ಲು ಬೆಳೆದ ನೆಲಕ್ಕಾಗಿ ನಡೆದ ಆಡಳಿತ, ಬರೆದ ಕಾನೂನು, ಆದ ಜಗಳಗಳನ್ನು ಓದುತ್ತ ಹೋದಂತೆ ಆ ನಗು ನಿಲ್ಲುತ್ತದೆ.

ಮೊದಲು ಗರಿಕೆಯ ಗುರುತು ಹೇಳಿಬಿಡುತ್ತೇನೆ. ಯಾಕೆಂದರೆ ಪೇಟೆಯ ಕಟ್ಟಿನಲ್ಲಿ ಬರುವುದೆಲ್ಲ ಗರಿಕೆಯಲ್ಲ. ನನ್ನ ಅಜ್ಜಿ ಮನೆಯಲ್ಲಿ ಎರಡು ಹಸು ಸಾಕಿದ್ದವರು. ಹುಲ್ಲಿನ ವಿಷಯದಲ್ಲಿ ಅವರನ್ನು ಯಾರೂ ಏಮಾರಿಸುವಂತಿರಲಿಲ್ಲ. "ಕಡ್ಡಿ ಹಿಡಿದು ಬೆರಳಲ್ಲಿ ಉರುಳಿಸಿ ನೋಡೇ. ಮೂಲೆ ಸಿಕ್ಕಿದರೆ ಅದು ಗರಿಕೆ ಅಲ್ಲ" ಎನ್ನುತ್ತಿದ್ದರು. ಕೊನ್ನಾರಿ ಗಡ್ಡೆಯ ಗಿಡವನ್ನು, ತುಂಗೆ ಗಡ್ಡೆ ಎಂದೂ ಅದನ್ನು ಕರೆಯುತ್ತಾರೆ, ಎಷ್ಟೋ ಜನ ಹುಲ್ಲೆಂದೇ ತಿಳಿಯುತ್ತಾರೆ. ಅದರ ಹೂವಿನ ದಂಟು ಮುಮ್ಮೂಲೆ, ಗೆಣ್ಣಿಲ್ಲ, ಬುಡದಲ್ಲಿ ಗಡ್ಡೆ. ಹುಲ್ಲಿನ ಜಾತಿಯದರ ದಂಟಿಗೆ ಗೆಣ್ಣು ಇರಲೇಬೇಕು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿದವರು ಹೇಳುವುದೂ ಇದೇ. ಅಜ್ಜಿ ಅದನ್ನು ಹೆಬ್ಬೆರಳು ತೋರುಬೆರಳಲ್ಲೇ ಕಲಿತಿದ್ದರು.

ಇನ್ನೊಂದು ಮೋಸಗಾರ ಗಿಡವಿದೆ. ಅದು ರಾಗಿಯ ಹತ್ತಿರದ ನೆಂಟ, ರಾಗಿಯ ಪೈರಿನ ನಡುವೆ ಕಳೆಯಾಗಿ ಬೆಳೆಯುವಂಥದು. ಅದರ ತೆನೆಯೂ ಬೆರಳು ಬಿಡಿಸಿದಂತಿರುತ್ತದೆ. ಆದರೆ ಅದನ್ನು ಹಿಡಿದು ಎಳೆದರೆ ಬುಡಸಮೇತ ಒಂದೇ ಪೊದೆಯಾಗಿ ಬರುತ್ತದೆ. ಬುಡದ ದಂಟು ಬೆಳ್ಳಗೆ, ಚಪ್ಪಟೆಯಾಗಿರುತ್ತದೆ. ಗರಿಕೆಯನ್ನು ಎಳೆದು ನೋಡಿ. ಅದು ಬರುವುದಿಲ್ಲ. ಒಂದು ಎಳೆ ಹಿಡಿದರೆ ಅದು ಮೊಳ ದೂರದ ಇನ್ನೊಂದು ಗೆಣ್ಣಿನಲ್ಲಿ ಬೇರು ಬಿಟ್ಟಿರುತ್ತದೆ, ಅಲ್ಲಿಂದ ಮತ್ತೊಂದು ಎಳೆ ಹೊರಟಿರುತ್ತದೆ. ನೆಲದ ಮೇಲೆ ಹರಿಯುವ ಎಳೆಗಳ ಜೊತೆಗೆ ನೆಲದೊಳಗೂ ಬಿಳಿಯ ಗಟ್ಟಿ ಕಾಂಡ ಹರಿದಿರುತ್ತದೆ. ಎಲೆ ದಂಟಿಗೆ ಸೇರುವ ಜಾಗವನ್ನು ಬೆಳಕಿಗೆ ಹಿಡಿದರೆ ಸಣ್ಣ ಬಿಳಿ ರೋಮಗಳ ಸಾಲು ಕಾಣುತ್ತದೆ. ಹೂ ಬಿಟ್ಟಾಗ ದಂಟಿನ ತುದಿಯ ಒಂದೇ ಬಿಂದುವಿನಿಂದ ಮೂರರಿಂದ ಆರು ತೆಳುವಾದ ಕಡ್ಡಿಗಳು ಕೈಬೆರಳಿನಂತೆ ಹರಡಿಕೊಳ್ಳುತ್ತವೆ. ಇಷ್ಟು ಗುರುತು ಸಿಕ್ಕಿದರೆ ಅನುಮಾನ ಬೇಡ, ಅದು ಗರಿಕೆಯೇ.

ಈ ಬೆರಳುಗಳೇ ಅದರ ಶಾಸ್ತ್ರೀಯ ಹೆಸರಿನಲ್ಲೂ ಕೂತಿವೆ. ಸ್ವೀಡನ್ನಿನ ಲಿನೇಯಸ್ ೧೭೫೩ರಲ್ಲಿ ಇದಕ್ಕೆ ಡ್ಯಾಕ್ಟೈಲಾನ್ ಎಂಬ ಹೆಸರಿಟ್ಟ. ಗ್ರೀಕ್ ಭಾಷೆಯಲ್ಲಿ ಬೆರಳು ಎಂದರ್ಥ. ೧೮೦೫ರಲ್ಲಿ ಪರ್ಸೂನ್ ಎಂಬ ಸಸ್ಯಶಾಸ್ತ್ರಜ್ಞ ಇದನ್ನು ಸೈನೊಡಾನ್ ಎಂಬ ಜಾತಿಗೆ ಸೇರಿಸಿದ. ಅಂದರೆ ನಾಯಿಯ ಹಲ್ಲು. ನೆಲದೊಳಗಿನ ಕಾಂಡದ ಮೇಲೆ ಚೂಪಾದ ಗಟ್ಟಿ ಸಿಪ್ಪೆಗಳಿವೆಯಲ್ಲ, ಅವು ಅವರ ಕಣ್ಣಿಗೆ ನಾಯಿಹಲ್ಲಿನಂತೆ ಕಂಡವು. ಗಣಪತಿಯ ಮುಡಿಗೇರುವ ದೂರ್ವೆಗೆ ನಾಯಿಹಲ್ಲಿನ ಹೆಸರೇ ಎಂದು ನಮ್ಮ ಶಾಲೆಯ ಹುಡುಗಿಯರು ಮುಖ ಸಿಂಡರಿಸಿದ್ದುಂಟು.

ಈ ಹುಲ್ಲು ಬಹುವಾರ್ಷಿಕ. ಈ ಮಾತಿನಲ್ಲೇ ಅದರ ಚರಿತ್ರೆಯ ಗುಟ್ಟು ಇದೆ. ರಾಗಿ, ಜೋಳ ಒಂದು ವರ್ಷದ ಬಾಳು ಬಾಳಿ ಬೀಜ ಬಿಟ್ಟು ಸಾಯುತ್ತವೆ. ಗರಿಕೆ ಸಾಯುವುದಿಲ್ಲ. ಬೇಸಿಗೆಯಲ್ಲಿ ಮೇಲಿನ ಎಲೆಯೆಲ್ಲ ಒಣಗಿ ಬೂದಿ ಬಣ್ಣಕ್ಕೆ ತಿರುಗಿದರೂ ಕೆಳಗಿನ ಕಾಂಡದಲ್ಲಿ ಜೀವ ಹಿಡಿದುಕೊಂಡಿರುತ್ತದೆ. ಒಂದು ಒಳ್ಳೆಯ ಮಳೆ ಬಿದ್ದರೆ ಕೆಲವೇ ದಿನಗಳಲ್ಲಿ ಹಸಿರು. ದನ ಮೇಯ್ದರೂ ಅದಕ್ಕೆ ಕೇಡಿಲ್ಲ, ಯಾಕೆಂದರೆ ಚಿಗುರುವ ಕಣ್ಣು ಇರುವುದು ನೆಲಕ್ಕೆ ಅಂಟಿಕೊಂಡ ಗೆಣ್ಣಿನಲ್ಲಿ, ದನದ ಬಾಯಿಗೆ ಸಿಗದ ಜಾಗದಲ್ಲಿ. ಅದಕ್ಕೆ ಕೇಡು ಬರುವುದು ನೆರಳಿನಿಂದ. ಬಿಸಿಲು ಬೀಳದ ಕಡೆ ಗರಿಕೆ ಸೊರಗಿ ಸೊರಗಿ ಇಲ್ಲವಾಗುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಮ್ಮ ಪೂರ್ವಿಕರು ಇದನ್ನು ಎಷ್ಟು ಹತ್ತಿರದಿಂದ ನೋಡಿದ್ದರು ಎಂಬುದಕ್ಕೆ ವೇದಗಳೇ ಸಾಕ್ಷಿ. ಋಗ್ವೇದದ ಹತ್ತನೆಯ ಮಂಡಲದಲ್ಲಿ ದೂರ್ವೆಯ ಹೆಸರು ಬರುತ್ತದೆ. ಯಜುರ್ವೇದದ ಮಂತ್ರವೊಂದು ಅದರ ಬಣ್ಣವನ್ನಾಗಲಿ ಸುವಾಸನೆಯನ್ನಾಗಲಿ ಹೊಗಳದೆ, ಗೆಣ್ಣಿನಿಂದ ಗೆಣ್ಣಿಗೆ ಹಬ್ಬುವ ಗುಣವನ್ನೇ ಹಿಡಿದು ಸ್ತುತಿಸುತ್ತದೆ. ಬೇರೆ ಹುಲ್ಲುಗಳಿಂದ ಇದನ್ನು ಬೇರ್ಪಡಿಸುವ ಗುರುತು ಯಾವುದೋ ಅದೇ ಅಲ್ಲಿ ಪ್ರಾರ್ಥನೆಯಾಗಿದೆ. ಉತ್ತರ ಕರ್ನಾಟಕದ ನಮ್ಮ ಅಕ್ಕತಂಗಿಯರು ಇದನ್ನು ಕರಕಿ ಎನ್ನುತ್ತಾರೆ. ಬೀಸುವಾಗ ಹಾಡುತ್ತಿದ್ದ ತ್ರಿಪದಿಯೊಂದರಲ್ಲಿ ಗಂಡನ ಮನೆಯಲ್ಲಿರುವ ಮಗಳು ತವರಿನ ಬಳ್ಳಿ ನದಿಯ ತೀರದ ಈ ಹುಲ್ಲಿನ ಹಾಗೆ ಬೆಳೆಯಲಿ ಎಂದು ಹರಸುತ್ತಾಳೆ. ಶಾಲೆಯ ಮುಖ ನೋಡದ ಆ ಹೆಂಗಸರಿಗೆ ಹುಲ್ಲಿನ ಹೆಸರಿನ ಜೊತೆಗೆ ಅದು ಚೆನ್ನಾಗಿ ಬೆಳೆಯುವ ಜಾಗವೂ ಗೊತ್ತಿತ್ತು. ಆ ಹಾಡಿನಲ್ಲಿ ಗರಿಕೆಗೆ ವಿಳಾಸವಿದೆ.

ಹೊಳೆಯ ದಡ, ಕೆರೆಯ ಅಂಗಳ, ಏರಿಯ ಇಳಿಜಾರು, ದನ ತುಳಿದು ಗಟ್ಟಿಯಾದ ಬಯಲು, ಇವೆಲ್ಲ ಗರಿಕೆಗೆ ಪ್ರಿಯವಾದ ಜಾಗಗಳು. ಒಂದಿಷ್ಟು ತೇವ, ಇಡೀ ದಿನದ ಬಿಸಿಲು ಇದ್ದರೆ ಸಾಕು. ಉತ್ತ ಹೊಲಕ್ಕೂ ಅದು ನುಗ್ಗುತ್ತದೆ. ಅಲ್ಲಿ ಅದನ್ನು ರೈತರು ಶಪಿಸುತ್ತಾರೆ. ನೇಗಿಲಿಗೆ ಸಿಕ್ಕಿ ತುಂಡಾದ ಪ್ರತಿ ಗೆಣ್ಣೂ ಹೊಸ ಗಿಡವಾಗುವುದರಿಂದ ಉತ್ತಷ್ಟೂ ಹೆಚ್ಚುತ್ತದೆ. ಕಳೆ ಕಿತ್ತು ಸೊಂಟ ನೊಂದ ಹೆಂಗಸರನ್ನು ಕೇಳಿದರೆ ಗರಿಕೆಯ ಬಗ್ಗೆ ಒಳ್ಳೆಯ ಮಾತು ಬರಲಾರದು. ಹೊಲದಲ್ಲಿ ಶತ್ರುವಾದದ್ದೇ ಮೇಯುವ ಬಯಲಿನಲ್ಲಿ ಬದುಕಿನ ಆಧಾರ. ಒಂದೇ ಹುಲ್ಲು, ಇರುವ ಜಾಗದಿಂದ ಅದರ ಬೆಲೆ ಬದಲಾಗುತ್ತದೆ.

ನಮ್ಮ ಬಯಲುಸೀಮೆಯಲ್ಲಿ ಆ ಮೇಯುವ ಬಯಲಿಗೆ ಒಂದು ಹೆಸರಿದೆ: ಕಾವಲು. ಕಾಯುವುದು ಎಂಬ ಮಾತಿನಿಂದ ಬಂದ ಹೆಸರು. ತುಮಕೂರು, ಹಾಸನ, ಚಿಕ್ಕಮಗಳೂರು, ಚಿತ್ರದುರ್ಗ ಜಿಲ್ಲೆಗಳಲ್ಲಿ ಓಡಾಡಿದವರಿಗೆ ಇಂಥ ಊರ ಕಾವಲು, ಅಂಥ ಊರ ಕಾವಲು ಎಂಬ ಮಾತು ಕಿವಿಗೆ ಬಿದ್ದಿರುತ್ತದೆ. ಒಮ್ಮೆ ತರಗತಿಯಲ್ಲಿ ಭೂಮಿಯ ಬಳಕೆಯ ಪಾಠ ಮಾಡುತ್ತ, ಪುಸ್ತಕದಲ್ಲಿದ್ದಂತೆ ಬಂಜರು ಭೂಮಿ ಎಂದರೆ ಏನು ಎಂದು ಕೇಳಿದೆ. ಒಬ್ಬ ಹುಡುಗ ಎದ್ದು ಊರಾಚೆಯ ಬಯಲಿನ ಕಡೆ ಕೈ ತೋರಿಸಿದ. ಹಿಂದಿನ ಬೆಂಚಿನಲ್ಲಿ ಕುರಿಹಟ್ಟಿಯಿಂದ ಬರುವ ಒಬ್ಬ ಹುಡುಗಿ ಇದ್ದಳು. ಮಾತೇ ಆಡದವಳು. ಅವತ್ತು ಎದ್ದು ನಿಂತು, "ಮಿಸ್, ಅದು ಬಂಜರಲ್ಲ, ಕಾವಲು. ನಮ್ಮಜ್ಜಿ ಹಂಗೇ ಅನ್ನದು. ಅಲ್ಲಿ ಹುಲ್ಲೈತೆ" ಎಂದಳು. ಪುಸ್ತಕದ ಮಾತು ಒಂದು, ಹಟ್ಟಿಯ ಮಾತು ಇನ್ನೊಂದು. ಎರಡು ಮಾತುಗಳ ನಡುವಿನ ಈ ಅಂತರ ಹೇಗೆ ಬಂತು ಎಂಬುದೇ ನಾನು ಹೇಳಹೊರಟಿರುವ ಚರಿತ್ರೆ.

ಕಾವಲುಗಳಲ್ಲಿ ಗರಿಕೆಯೊಂದೇ ಬೆಳೆಯುತ್ತದೆಂದು ತಿಳಿಯಬಾರದು. ಒಣಗಿದ ಎತ್ತರದ ನೆಲದಲ್ಲಿ ಮೊಳಕಾಲುದ್ದ, ಸೊಂಟದುದ್ದ ಬೆಳೆಯುವ ಬೇರೆ ಹುಲ್ಲುಗಳಿರುತ್ತವೆ. ನಡೆದು ಹೋದರೆ ಸೀರೆಯ ಅಂಚಿಗೆಲ್ಲ ಮುಳ್ಳಿನಂಥ ಬೀಜ ಚುಚ್ಚಿಕೊಂಡು ಬರುತ್ತದಲ್ಲ, ಅಂಥವು. ಇವುಗಳಲ್ಲಿ ಬಹಳಷ್ಟು ಗರಿಕೆಯ ಹಾಗೆ ಬಹುವಾರ್ಷಿಕ. ಗರಿಕೆ ತಗ್ಗಿನಲ್ಲಿ, ಕಟ್ಟೆಯ ಸುತ್ತ, ದನ ಹೆಚ್ಚು ಮೇಯ್ದ ಕಡೆ ಚಾಪೆಯಂತೆ ಹಾಸಿಕೊಳ್ಳುತ್ತದೆ. ಎಲ್ಲ ಸೇರಿದರೆ ಒಂದು ಕಾವಲು. ನಡುನಡುವೆ ಒಂದು ಜಾಲಿ, ಒಂದು ಈಚಲು. ದೂರದಿಂದ ನೋಡಿದವರಿಗೆ ಏನೂ ಇಲ್ಲದ ಜಾಗ.

ವಿಜಯನಗರದ ಪ್ರತಿನಿಧಿಗಳು ಶ್ರೀರಂಗಪಟ್ಟಣದಲ್ಲಿ ಆಳುತ್ತಿದ್ದ ಕಾಲಕ್ಕೆ ಅವರ ಬಳಿ ಕರುಹಟ್ಟಿ ಎಂಬ ದನಗಳ ವ್ಯವಸ್ಥೆಯಿತ್ತು. ೧೬೧೦ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ತೆಗೆದುಕೊಂಡ ಮೇಲೆ ಆ ದನಗಳು ಮೈಸೂರು ಅರಸರ ಪಾಲಾದವು. ಮುಂದಿನ ಒಡೆಯರು ಹಿಂಡುಗಳನ್ನು ಬೆಳೆಸಿ, ಅಲ್ಲಲ್ಲಿ ಅವುಗಳಿಗೆಂದೇ ಕಾವಲುಗಳನ್ನು ಬಿಟ್ಟರು. ೧೬೭೩ರಿಂದ ೧೭೦೪ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಇದೊಂದು ಇಲಾಖೆಯೇ ಆಯಿತು. ಅದಕ್ಕೆ ಅವರು ಇಟ್ಟ ಹೆಸರು ಬೆಣ್ಣೆ ಚಾವಡಿ. ಅರಮನೆಗೆ ಹಾಲು ಬೆಣ್ಣೆ ಒದಗಿಸುವ ಕಚೇರಿ. ಅಡುಗೆಮನೆಯ ಹೆಸರು ಹೊತ್ತ ಸರ್ಕಾರಿ ಇಲಾಖೆ ಇನ್ನೊಂದಿತ್ತೋ ಏನೋ, ನನಗಂತೂ ಈ ಹೆಸರು ಓದಿದಾಗ ಬಹಳ ಸಂತೋಷವಾಯಿತು.

ಹೈದರಾಲಿಯ ಕೈಗೆ ಬಂದಾಗ ಬೆಣ್ಣೆ ಚಾವಡಿ ಯುದ್ಧದ ಇಲಾಖೆಯಾಯಿತು. ತೋಪು, ಮದ್ದು, ದಿನಸಿ ಎಳೆಯಲು ಎತ್ತು ಬೇಕು. ನಿಧಾನವಾಗಿ ನಡೆಯುವ ಎತ್ತಲ್ಲ, ಓಡುವ ಎತ್ತು. ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗದ ತಳಿಗಳಿಂದ ರೂಪುಗೊಂಡ, ಬೂದು ಮೈಯ, ಉದ್ದ ಕೊಂಬಿನ ಈ ರಾಸುಗಳು ಅದಕ್ಕೆ ಹೇಳಿ ಮಾಡಿಸಿದಂತಿದ್ದವು. ಚಿದಂಬರದ ನೆರವಿಗೆ ಹೋಗುವಾಗ ಹೈದರನ ಸೈನ್ಯ ಎರಡೂವರೆ ದಿನದಲ್ಲಿ ೧೦೦ ಮೈಲಿ ನಡೆದದ್ದು ಈ ಎತ್ತುಗಳ ಬಲದಿಂದಲೇ ಎಂದು ಮೈಸೂರು ಗೆಜೆಟಿಯರ್ ಬರೆದ ಬಿ. ಎಲ್. ರೈಸ್ ದಾಖಲಿಸಿದ್ದಾರೆ. ೧೭೮೨ರಲ್ಲಿ ಪಟ್ಟಕ್ಕೆ ಬಂದ ಟಿಪ್ಪು ಇಲಾಖೆಯ ಹೆಸರನ್ನು ಅಮೃತಮಹಲ್ ಎಂದು ಬದಲಿಸಿ, ದನ ಸಾಕುವುದಕ್ಕೆ ಪ್ರತ್ಯೇಕ ನಿಯಮಗಳ ಹುಕುಂನಾಮೆ ಹೊರಡಿಸಿದ. ಬೆಣ್ಣೆ ಹೋಗಿ ಅಮೃತವಾದರೂ ಹಾಲಿನ ನೆನಪು ಹೆಸರಿನಲ್ಲಿ ಉಳಿಯಿತು.

ಇಲ್ಲಿ ನನ್ನ ಗಮನ ಸೆಳೆದದ್ದು ಎತ್ತಿಗಿಂತ ಹೆಚ್ಚಾಗಿ ಹುಲ್ಲಿನ ಲೆಕ್ಕ. ಕಾವಲುಗಳನ್ನು ಮಳೆಗಾಲದವು, ಚಳಿಗಾಲದವು, ಬೇಸಿಗೆಯವು ಎಂದು ವಿಂಗಡಿಸಿದ್ದರು. ಮಳೆಗಾಲದಲ್ಲಿ ಎಲ್ಲೆಡೆ ಹುಲ್ಲಿರುತ್ತದೆ, ಚಿಂತೆಯಿಲ್ಲ. ಬೇಸಿಗೆಯ ಕಾವಲಿಗೆ ಮಾತ್ರ ಬೆಲೆ ಹೆಚ್ಚು. ಅಲ್ಲಿ ಕೆರೆಯಂಗಳವಿರಬೇಕು, ನೀರು ಹಿಂದೆ ಸರಿದಂತೆ ತೇವದ ನೆಲದಲ್ಲಿ ಹಸಿ ಹುಲ್ಲು ಚಿಗುರಬೇಕು, ಮಧ್ಯಾಹ್ನ ರಾಸು ನಿಲ್ಲಲು ನಾಲ್ಕು ಮರದ ನೆರಳಿರಬೇಕು. ಅಂಥ ಕಾವಲನ್ನು ವರ್ಷದ ಉಳಿದ ತಿಂಗಳಲ್ಲಿ ಯಾರೂ ಮೇಯಿಸದಂತೆ ಕಾಯುತ್ತಿದ್ದರು. ಹಿಂಡುಗಳು ಕಾಲಕ್ಕೆ ತಕ್ಕಂತೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುತ್ತಿದ್ದವು. ಬಿಟ್ಟುಹೋದ ಕಾವಲಿನಲ್ಲಿ ಹುಲ್ಲಿಗೆ ವಿಶ್ರಾಂತಿ. ಉಪ್ಪಿನಕಾಯಿ ಭರಣಿಯನ್ನು ಬೇಸಿಗೆಯಲ್ಲಿ ತುಂಬಿಟ್ಟು ಮಳೆಗಾಲಕ್ಕೆ ತೆಗೆಯುವ ನಮಗೆ ಈ ಲೆಕ್ಕ ಹೊಸದೇನಲ್ಲ. ಆದರೆ ಹುಲ್ಲಿಗೂ ಹೀಗೆ ತೆಗೆದಿಡುವುದುಂಟು ಎಂದು ತಿಳಿದ ಸರ್ಕಾರ ಒಂದಿತ್ತು. ಕಾವಲು ಎಂಬ ಮಾತಿಗೆ ಪೂರ್ತಿ ಅರ್ಥವಿದ್ದ ಕಾಲ ಅದು.

೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹಿಂಡುಗಳು ಇಂಗ್ಲಿಷರ ವಶವಾದವು. ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಆದ ಆರ್ಥರ್ ವೆಲ್ಲೆಸ್ಲಿ ಇಲ್ಲಿದ್ದಾಗ ಈ ಎತ್ತುಗಳನ್ನು ಬಳಸಿ ಮೆಚ್ಚಿಕೊಂಡವನು. ಆದರೂ ಸಾಕುವ ಶ್ರದ್ಧೆ ಕಡಿಮೆಯಾಗಿ ಹಿಂಡು ಕ್ಷೀಣಿಸಿತು. ೧೮೧೩ರಲ್ಲಿ ಮದರಾಸು ಸೈನ್ಯದ ಅಧಿಕಾರಿಯೊಬ್ಬರನ್ನು ಇದಕ್ಕೆಂದೇ ನೇಮಿಸಿದ ಮೇಲೆ ಚೇತರಿಸಿಕೊಂಡಿತು. ೧೮೬೦ರಲ್ಲಿ ಖರ್ಚು ಉಳಿಸುವ ಮಾತು ಬಂದು ಹಿಂಡುಗಳನ್ನು ಮಾರಿಹಾಕಿದರು. ಕೆಲವೇ ವರ್ಷಗಳಲ್ಲಿ ಒಳ್ಳೆಯ ಎತ್ತಿಗೆ ಪರದಾಟವಾಗಿ ೧೮೬೬ರಲ್ಲಿ ಮತ್ತೆ ಇಲಾಖೆ ತೆರೆಯಬೇಕಾಯಿತು. ಮಾರಿದ ಒಡವೆಯನ್ನು ಮತ್ತೆ ಕೊಳ್ಳಲು ಹೋದವರಿಗೆ ಈ ಕಷ್ಟ ಗೊತ್ತು. ೧೮೮೧ರಲ್ಲಿ ರಾಜ್ಯ ಒಡೆಯರಿಗೆ ಮರಳಿತು. ಆಮೇಲೆ ಅಮೃತಮಹಲ್ ಮೈಸೂರು ಸರ್ಕಾರದ ಕೈಗೆ ಬಂತು.

ಅಷ್ಟರಲ್ಲಿ ಎರಡು ಸಂಗತಿಗಳು ನಡೆದಿದ್ದವು. ಒಂದು, ರೈಲು ಬಂತು, ಅದರ ಹಿಂದೆ ಮೋಟಾರು ಬಂತು. ತೋಪೆಳೆಯಲು ಎತ್ತು ಬೇಕಿಲ್ಲದ ಮೇಲೆ ಎತ್ತಿನ ಹುಲ್ಲಿನ ಬಗ್ಗೆ ಯಾರಿಗೆ ಆಸ್ಥೆ? ಇನ್ನೊಂದು, ಕಣ್ಣಿಗೆ ಅಷ್ಟಾಗಿ ಬೀಳದ ಸಂಗತಿ. ಇಂಗ್ಲಿಷರ ಕಂದಾಯದ ಲೆಕ್ಕದಲ್ಲಿ ನೆಲವನ್ನು ಅಳೆಯುವ ಅಳತೆಗೋಲೇ ಬದಲಾಯಿತು. ಕಂದಾಯ ಕೊಡುವ ನೆಲ ಒಳ್ಳೆಯ ನೆಲ, ಕೊಡದ್ದು ಬೀಳು. ಹುಲ್ಲು ಕಂದಾಯ ಕೊಡುವುದಿಲ್ಲ. ಈ ದೃಷ್ಟಿ ಇಂಗ್ಲಿಷರ ಜೊತೆ ಹೋಗಲಿಲ್ಲ, ನಮ್ಮ ದಫ್ತರಗಳಲ್ಲಿ ಉಳಿಯಿತು. ಕರ್ನಾಟಕದ ಕಂದಾಯ ಕಡತಗಳಲ್ಲಿ ಇಂದಿಗೂ ಒಂದು ಮಾತಿದೆ: ಹುಲ್ಲುಬನ್ನಿ ಖರಾಬು. ಹುಲ್ಲು ಇದೆ ಎಂದು ಒಪ್ಪಿಕೊಂಡು, ಅದರ ಪಕ್ಕದಲ್ಲೇ ಕೆಟ್ಟದ್ದು ಎಂದು ಬರೆದ ಹಾಗೆ. ಗರಿಕೆಯನ್ನು ದೇವರ ತಲೆಯ ಮೇಲಿಡುತ್ತೇವೆ, ಗರಿಕೆ ಬೆಳೆದ ನೆಲಕ್ಕೆ ಖರಾಬು ಎನ್ನುತ್ತೇವೆ.

ಗೋಮಾಳದ ವಿಷಯದಲ್ಲಿ ಕಾನೂನು ಸ್ವಲ್ಪ ಉದಾರವಾಗಿತ್ತು ಎನ್ನಬೇಕು. ೧೯೬೬ರ ಕರ್ನಾಟಕ ಭೂಕಂದಾಯ ನಿಯಮಗಳಲ್ಲಿ ಊರಿನ ಪ್ರತಿ ೧೦೦ ಜಾನುವಾರಿಗೆ ೧೨ ಹೆಕ್ಟೇರ್, ಅಂದರೆ ಸುಮಾರು ೩೦ ಎಕರೆ ಮೇವಿನ ನೆಲ ಬಿಡಬೇಕೆಂದಿತ್ತು. ಬಿಟ್ಟ ನೆಲ ಉಳಿಯಬೇಕಲ್ಲ. ೧೯೪೦ರ ದಶಕದಲ್ಲಿ ಹೆಚ್ಚು ಆಹಾರ ಬೆಳೆಯಿರಿ ಎಂಬ ಚಳವಳಿ ಬಂದಾಗ ಕಾವಲುಗಳಲ್ಲಿ ಒಂದಷ್ಟು ಸಾಗುವಳಿಗೆ ಹೋಯಿತು. ಆಮೇಲೆ ನಿವೇಶನಕ್ಕೆ, ರಸ್ತೆಗೆ, ಕಾರ್ಖಾನೆಗೆ, ಶಾಲೆಗೆ. ಹೊಟ್ಟೆಗಿಲ್ಲದವರಿಗೆ ಎರಡೆಕರೆ ಸಿಕ್ಕಿದ್ದನ್ನು ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ. ಹಸಿವು ದೊಡ್ಡದು. ಆದರೆ ಏನು ಕೊಟ್ಟೆವು, ಎಷ್ಟು ಕೊಟ್ಟೆವು ಎಂಬ ಲೆಕ್ಕವನ್ನಾದರೂ ಇಡಬೇಕಿತ್ತು. ಮೈಸೂರು ಸಂಸ್ಥಾನದ ಕಾಲದಲ್ಲಿ ಅಮೃತಮಹಲ್ ಕಾವಲುಗಳ ವಿಸ್ತೀರ್ಣ ನಾಲ್ಕು ಲಕ್ಷ ಎಕರೆಯ ಮೇಲಿತ್ತು. ಇಂದು ಉಳಿದಿರುವುದು ಅದರ ಸಣ್ಣದೊಂದು ಪಾಲು.

ಇನ್ನು ಮರದ ವಿಷಯ. ಇದು ನಮ್ಮಂಥ ಉಪಾಧ್ಯಾಯಿನಿಯರಿಗೆ ಸ್ವಲ್ಪ ಕಷ್ಟದ ವಿಷಯ. ೧೯೫೦ರಲ್ಲಿ ಕೆ. ಎಂ. ಮುನ್ಷಿಯವರು ವನಮಹೋತ್ಸವ ಆರಂಭಿಸಿದ ಮೇಲೆ ಗಿಡ ನೆಡುವುದು ಶಾಲೆಗಳ ವ್ರತವಾಗಿದೆ. ಮರ ಬೆಳೆಸಿದವರು ಪುಣ್ಯವಂತರು ಎಂಬುದು ನಮ್ಮ ಹಳೆಯ ನಂಬಿಕೆಯೂ ಹೌದು. ಊರೊಳಗೆ, ರಸ್ತೆಯ ಬದಿಯಲ್ಲಿ, ಶಾಲೆಯ ಅಂಗಳದಲ್ಲಿ, ಕಡಿದ ಕಾಡಿನಲ್ಲಿ ಮರ ನೆಟ್ಟರೆ ಒಳ್ಳೆಯದೇ. ಹುಲ್ಲುಗಾವಲಿನಲ್ಲಿ ಸಾಲಾಗಿ ಒತ್ತೊತ್ತಾಗಿ ನೆಟ್ಟರೆ? ಗರಿಕೆಗೆ ನೆರಳು ಆಗದೆಂದು ಹೇಳಿದ್ದೆ. ಬಿಸಿಲಿಗೆ ಒಗ್ಗಿದ ಉಳಿದ ಹುಲ್ಲುಗಳಿಗೂ ಆಗದು. ಬರಗಾಲಕ್ಕೆ ಬಗ್ಗದ, ದನದ ಬಾಯಿಗೆ ಹೆದರದ ಹುಲ್ಲು ನೆರಳಿಗೆ ಸೋಲುತ್ತದೆ. ಹುಲ್ಲುಗಾವಲೆಂದರೆ ಮರಗಳು ಸತ್ತುಹೋದ ಕಾಡಲ್ಲ. ಅದು ಮೊದಲಿನಿಂದಲೂ ಹಾಗೇ ಇರುವ, ತನ್ನದೇ ಬಗೆಯ ನೆಲ.

ರಾಣೆಬೆನ್ನೂರಿನ ಸುತ್ತಿನ ಬಯಲು ಇದಕ್ಕೊಂದು ಉದಾಹರಣೆ. ೧೯೫೦ರ ದಶಕದಿಂದ ಅಲ್ಲಿ ನೀಲಗಿರಿ ನೆಡುತ್ತ ಬಂದರು. ೧೯೭೪ರಲ್ಲಿ ಅದೇ ಜಾಗ ಕೃಷ್ಣಮೃಗಗಳಿಗಾಗಿ ಅಭಯಾರಣ್ಯವಾಯಿತು. ಕೃಷ್ಣಮೃಗಗಳು ಹೇಗೋ ಹೊಂದಿಕೊಂಡವು. ಎರೆಭೂತ ಎಂದು ನಮ್ಮ ಜನ ಕರೆಯುವ ದೊಡ್ಡ ಹಕ್ಕಿ ಹೊಂದಿಕೊಳ್ಳಲಿಲ್ಲ. ಅದು ಬಯಲಿನಲ್ಲಿ ನೆಲದ ಮೇಲೆ ಒಂದೇ ಮೊಟ್ಟೆಯಿಟ್ಟು ಬದುಕುವ ಹಕ್ಕಿ. ದೂರದವರೆಗೆ ಕಣ್ಣು ಹಾಯುವ ಜಾಗ ಬೇಕು. ಒಂದು ಕಾಲಕ್ಕೆ ಅಲ್ಲಿ ಕಾಣುತ್ತಿದ್ದ ಎರೆಭೂತ ಈಗ ಕಾಣುವುದಿಲ್ಲ. ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಉಳಿದಿವೆ. ೨೦೧೭ರಲ್ಲಿ ಕರ್ನಾಟಕ ಸರ್ಕಾರ ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿತು. ಬುದ್ಧಿ ಬರಲು ಅರವತ್ತು ವರ್ಷ ಬೇಕಾಯಿತು. ಆದರೂ ೨೦೦೦ದಲ್ಲಿ ಹೊರಬಂದ ಭಾರತದ ಬಂಜರುಭೂಮಿಗಳ ನಕಾಶೆ ಪುಸ್ತಕದಲ್ಲಿ ದೇಶದ ಎಷ್ಟೋ ಹುಲ್ಲುಗಾವಲುಗಳು ಬಂಜರಿನ ಪಟ್ಟಿಯಲ್ಲೇ ಇದ್ದವು. ನನ್ನ ತರಗತಿಯ ಆ ಹುಡುಗ ಹೇಳಿದ್ದು ತಾನಾಗಿ ಕಂಡುಹಿಡಿದ ಮಾತೇನೂ ಅಲ್ಲ. ಮೇಲಿನಿಂದ ಇಳಿದು ಬಂದ ಪಾಠ ಅದು.

ಇತ್ತೀಚಿನ ಅಧ್ಯಾಯ ಚಳ್ಳಕೆರೆಯದು. ೨೦೦೮ರಿಂದ ಮುಂದಿನ ಕೆಲವು ವರ್ಷಗಳಲ್ಲಿ ಆ ತಾಲ್ಲೂಕಿನ ಅಮೃತಮಹಲ್ ಕಾವಲುಗಳಲ್ಲಿ ಸುಮಾರು ಹತ್ತು ಸಾವಿರ ಎಕರೆಯನ್ನು ರಕ್ಷಣಾ ಸಂಶೋಧನೆ, ಬಾಹ್ಯಾಕಾಶ, ಅಣುಶಕ್ತಿ, ಭಾರತೀಯ ವಿಜ್ಞಾನ ಸಂಸ್ಥೆ ಮೊದಲಾದವುಗಳಿಗೆ ಕೊಟ್ಟರು. ಸುತ್ತಲಿನ ಹಳ್ಳಿಗರು ಪ್ರತಿಭಟಿಸಿದರು, ವಿಷಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ವಿಜ್ಞಾನ ಬೇಡವೆನ್ನುವವಳು ನಾನಲ್ಲ. ನಮ್ಮ ಮಕ್ಕಳು ಓದಿ ಅಂಥ ಸಂಸ್ಥೆಗಳಿಗೆ ಹೋಗಲಿ ಎಂದೇ ದಿನಾ ಗಂಟಲು ಹರಿದುಕೊಳ್ಳುತ್ತೇನೆ. ಆದರೆ ಇಷ್ಟು ದೊಡ್ಡ ಜಾಗ ಸುಲಭವಾಗಿ ಸಿಕ್ಕಿದ್ದು ಯಾಕೆ ಎಂದು ಯೋಚಿಸಿದರೆ, ಅದು ಖಾಲಿ ಎಂದು ಎಲ್ಲರೂ ಒಪ್ಪಿಕೊಂಡಿದ್ದರಿಂದ.

ಅದು ಖಾಲಿ ಇರಲಿಲ್ಲ. ಚಳ್ಳಕೆರೆ ಸೀಮೆ ಕಂಬಳಿಗೆ ಹೆಸರಾದದ್ದು. ಕಂಬಳಿಯ ಹಿಂದೆ ಕುರಿ, ಕುರಿಯ ಹಿಂದೆ ಹುಲ್ಲು. ಉಣ್ಣೆ ಬಿಡಿಸಿ ನೂಲುವ ಕೆಲಸದಲ್ಲಿ ಹೆಂಗಸರ ಪಾಲು ದೊಡ್ಡದು. ಮ್ಯಾಸನಾಯಕರು ದೇವರ ಎತ್ತು ಎಂದು ಸಾಕುವ ಹಿಂಡುಗಳು ಮೇಯುವುದೂ ಇಂಥ ಬಯಲುಗಳಲ್ಲೇ. ಅವನ್ನು ನೋಡಿಕೊಳ್ಳುವ ಕಿಲಾರಿಗಳಿಗೆ ಯಾವ ತಿಂಗಳು ಯಾವ ಕಡೆ ಹುಲ್ಲು ಎಂಬುದು ಪಂಚಾಂಗದಷ್ಟೇ ಖಚಿತ. ಬೇಲಿ ಬಿದ್ದ ದಿನ ಆ ಪಂಚಾಂಗ ಸುಳ್ಳಾಗುತ್ತದೆ. ಮೇವಿನ ನೆಲ ಹೋದರೆ ಮನೆಯಲ್ಲಿ ಕುರಿ ಕಡಿಮೆ ಮಾಡುತ್ತಾರೆ. ಕುರಿ ಕಡಿಮೆಯಾದರೆ ಮೊದಲು ನಿಲ್ಲುವುದು ಹೆಣ್ಣುಮಕ್ಕಳ ಕೈಯಲ್ಲಿ ಓಡಾಡುತ್ತಿದ್ದ ನಾಲ್ಕು ಕಾಸು. ಅದರ ನಂತರ ನಿಲ್ಲುವುದು ಹುಡುಗಿಯ ಓದು. ಹಟ್ಟಿಗಳಿಂದ ಬರುವ ಮಕ್ಕಳ ಹಾಜರಿ ಪುಸ್ತಕ ಇಟ್ಟುಕೊಂಡವರಿಗೆ ಈ ಸರಪಳಿ ಕಾಣುತ್ತದೆ. ಅಂದು ಎದ್ದು ನಿಂತು ಕಾವಲು ಎಂದ ಹುಡುಗಿ ಒಂಬತ್ತನೆಯ ತರಗತಿ ಮುಗಿಸಲಿಲ್ಲ. ಅವರ ಮನೆಯವರು ಕುರಿ ಮಾರಿ ಕೂಲಿಗೆ ಬೇರೆ ಊರಿಗೆ ಹೋದರು.

ಎಲ್ಲವೂ ಹೋಯಿತೆಂದು ಗೋಳಾಡುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ಅಜ್ಜಂಪುರದಲ್ಲಿ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರ ಇಂದಿಗೂ ಇದೆ. ೨೦೦೭ರಲ್ಲಿ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲು ಜಯಮಂಗಲಿ ಎಂಬ ಹೆಸರಿನಲ್ಲಿ ಕೃಷ್ಣಮೃಗಗಳ ಸಂರಕ್ಷಿತ ಪ್ರದೇಶವಾಯಿತು. ೨೦೧೧ರಲ್ಲಿ ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲಿಗೂ ಅಂಥ ರಕ್ಷಣೆ ಸಿಕ್ಕಿತು. ಮುಂಗಾರು ಮುಗಿಯುವ ಹೊತ್ತಿಗೆ ಇಂಥ ಕಡೆ ಹೋದರೆ ಹುಲ್ಲಿನ ತೆನೆಗಳ ಮೇಲೆ ಸಂಜೆಯ ಬಿಸಿಲು ಬಿದ್ದು ಬಯಲೆಲ್ಲ ಗೋಧಿಬಣ್ಣವಾಗಿರುತ್ತದೆ. ನೋಡಲು ಏನಿದೆ ಎಂದು ಕೇಳುವವರನ್ನು ಅಲ್ಲಿ ಒಂದು ಗಂಟೆ ಸುಮ್ಮನೆ ಕೂರಿಸಬೇಕು. ಹುಲ್ಲಿನ ಬೇರು ನೆಲವನ್ನು ಹಿಡಿದುಕೊಳ್ಳುತ್ತದೆ, ಮಳೆಯ ನೀರನ್ನು ನಿಧಾನ ಮಾಡಿ ಕೆಳಗಿಳಿಸುತ್ತದೆ. ಬಹುವಾರ್ಷಿಕ ಹುಲ್ಲಿನ ಆಸ್ತಿಯೆಲ್ಲ ನೆಲದ ಕೆಳಗೇ ಇರುವುದರಿಂದ ಮೇಲಿನಿಂದ ನೋಡಿದವರು ಅದನ್ನು ಬಡವ ಎಂದುಕೊಳ್ಳುತ್ತಾರೆ.

ಪೇಟೆಯಲ್ಲಿರುವ ನಾವು ಹೆಂಗಸರು ಇದಕ್ಕೇನು ಮಾಡಬಹುದು ಎಂದು ನೀವು ಕೇಳಬಹುದು. ಮೊದಲನೆಯದಾಗಿ, ಮಾತನ್ನು ಸರಿಮಾಡಿಕೊಳ್ಳಬಹುದು. ಊರಾಚೆಯ ಹುಲ್ಲಿನ ಬಯಲು ಕಂಡಾಗ ಮಕ್ಕಳೆದುರು ಪಾಳುಭೂಮಿ, ಬಂಜರು ಎನ್ನುವುದನ್ನು ಬಿಟ್ಟು ಕಾವಲು, ಗೋಮಾಳ ಎಂದರೆ ಅಷ್ಟರಮಟ್ಟಿಗೆ ಅದು ಉಳಿದಂತೆ. ಎರಡನೆಯದಾಗಿ, ನಮ್ಮಲ್ಲಿ ಬಹುಪಾಲು ಜನರಿಗೆ ಎಲ್ಲೋ ಒಂದು ಹಳ್ಳಿ ಇದೆ, ತವರಿನದೋ ಅತ್ತೆಮನೆಯದೋ. ಆಸ್ತಿ ಭಾಗಕ್ಕೆಂದು ಪಹಣಿ ತೆಗೆ
ಸುತ್ತೇವೆ, ನಮ್ಮ ಹೆಸರು ಬಂದಿದೆಯೇ ಎಂದು ಮೂರು ಸಲ ನೋಡುತ್ತೇವೆ. ಅದೇ ಹೊತ್ತಿಗೆ ಆ ಊರಿನ ಗೋಮಾಳ ಎಷ್ಟಿದೆ, ಹುಲ್ಲುಬನ್ನಿ ಎಂದು ಬರೆದ ಸರ್ವೆ ನಂಬರು ಯಾವುದು, ಈಗ ಅಲ್ಲಿ ಏನಿದೆ ಎಂದು ಒಂದು ಮಾತು ಕೇಳಬಹುದು. ಗ್ರಾಮಸಭೆಗಳಲ್ಲಿ ಈಗ ಹೆಣ್ಣುಮಕ್ಕಳೂ ಸದಸ್ಯರಾಗಿ, ಅಧ್ಯಕ್ಷರಾಗಿ ಕೂರುತ್ತಾರೆ. ರಸ್ತೆ, ಚರಂಡಿಯ ಜೊತೆಗೆ ಮೇವಿನ ನೆಲದ ಮಾತನ್ನೂ ಎತ್ತಲು ಅವರಿಗೆ ನಾವು ಹೇಳಬಹುದು. ಶಾಲೆಗಳಲ್ಲಿ ಮಕ್ಕಳಿಗೆ ಗಿಡ ನೆಡಿಸುವ ದಿನವೇ ಹತ್ತು ಹುಲ್ಲಿನ ಗುರುತು ಕಲಿಸಬಹುದು.

ಗುರುತು ಕಲಿಯುವುದು ಸಣ್ಣ ಕೆಲಸವಲ್ಲ. ಹೆಸರು ಗೊತ್ತಿರುವವರನ್ನು ನಾವು ದಾರಿಯಲ್ಲಿ ಕಂಡರೆ ನಿಲ್ಲಿಸಿ ಮಾತಾಡಿಸುತ್ತೇವೆ, ಮನೆ ಎಲ್ಲಿ ಎಂದು ಕೇಳುತ್ತೇವೆ. ಗರಿಕೆಯ ಹೆಸರು ನಮಗೆಲ್ಲ ಗೊತ್ತು. ಅದರ ಮನೆಯ ಹೆಸರು ಕಾವಲು ಎಂದು ಅಜ್ಜಿಯೊಬ್ಬಳು ಮೊಮ್ಮಗಳಿಗೆ ಹೇಳಿಕೊಟ್ಟಿದ್ದಳು. ಆ ಹುಡುಗಿ ಅದನ್ನು ನನ್ನ ತರಗತಿಯಲ್ಲಿ ಬಿಟ್ಟುಹೋಗಿದ್ದಾಳೆ. ಪಠ್ಯಪುಸ್ತಕದಲ್ಲಿ ಏನೇ ಇರಲಿ, ಬಂಜರು ಭೂಮಿಯ ಪಾಠ ಬಂದಾಗ ನಾನು ಹಲಗೆಯ ಮೇಲೆ ಮೊದಲು ಬರೆಯುವುದು ಆ ಮಾತನ್ನೇ.